ಉಳಿದ ಪ್ರತಿ ಯಾರ ತಲೆಗೆ? ಕೊಡಗಿನಲ್ಲಿ ಪುಸ್ತಕ ಕೊಳ್ಳುವ ಜಾಗಗಳು

ಪುಸ್ತಕ ಎಲ್ಲಿ ಕೊಳ್ಳುತ್ತೀರಿ ಎಂದು ಇವತ್ತು ಯಾರನ್ನು ಕೇಳಿದರೂ ಮೊಬೈಲು ತೋರಿಸುತ್ತಾರೆ. ಪುಸ್ತಕದ ಅಂಗಡಿ ಯಾಕೆ ಮುಚ್ಚಿತು ಎಂದು ಕೇಳಿದರೂ ಅದನ್ನೇ ತೋರಿಸುತ್ತಾರೆ. ಕೊಡಗಿನ ಮಟ್ಟಿಗೆ ಈ ಲೆಕ್ಕ ನನಗೆ ಸರಿ ಕಾಣುವುದಿಲ್ಲ. ಮೊಬೈಲನ್ನು ಸ್ವಲ್ಪ ಹೊತ್ತು ಬದಿಗಿಡಿ. ಅಂಗಡಿಯವನು ಒಂದು ಪುಸ್ತಕದ ಹತ್ತು ಪ್ರತಿ ತಂದ, ಆರು ಹೋಯಿತು. ಉಳಿದ ನಾಲ್ಕು ಯಾರ ತಲೆಗೆ? ಜನ ಪುಸ್ತಕ ಕೊಳ್ಳುವ ಜಾಗ ಬದಲಾದಾಗಲೆಲ್ಲ ಬದಲಾಗಿರುವುದು ಈ ಪ್ರಶ್ನೆಯ ಉತ್ತರ. ಓದುಗರ ರುಚಿ ಬದಲಾದದ್ದು ಅದಕ್ಕಿಂತ ಕಡಿಮೆ.

ಮೊದಲು ದಾರಿಯ ವಿಷಯ. ನಮ್ಮ ಜಿಲ್ಲೆಗೆ ರೈಲಿಲ್ಲ. ಬಯಲುಸೀಮೆಯವರು ಪುಸ್ತಕದ ನೆನಪು ಹೇಳುವಾಗ ರೈಲ್ವೆ ಪ್ಲಾಟ್‌ಫಾರಂನ ಮಳಿಗೆ ಬಂದೇ ಬರುತ್ತದೆ. ನಮಗೆ ಆ ನೆನಪಿಲ್ಲ. ಇಲ್ಲಿಗೆ ಪುಸ್ತಕ ಬಂದದ್ದೆಲ್ಲ ಮಂಗಳೂರು ಕಡೆಯಿಂದ ಘಾಟಿ ಹತ್ತಿ, ಇಲ್ಲವೇ ಮೈಸೂರು ಕಡೆಯಿಂದ ಸುಮಾರು 120 ಕಿಲೋಮೀಟರ್ ರಸ್ತೆಯಲ್ಲಿ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಅಚ್ಚುಕೂಟ ಹಾಕಿದ್ದು 1841ರಲ್ಲಿ. ಆ ಮಿಷನ್ನಿನ ಮೊಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೂ ಬಂದು ಕೆಲಸ ಮಾಡಿದರು. ಧರ್ಮಪ್ರಚಾರಕ್ಕೆ ಅಚ್ಚು ಹಾಕಿದ ಪುಸ್ತಕಕ್ಕೆ ‘ಉಳಿದ ಪ್ರತಿ’ ಎಂಬ ತಲೆನೋವಿಲ್ಲ, ಖರ್ಚು ಮಿಷನ್ನಿನದು. ಸ್ವಂತ ಕಾಸಿನಲ್ಲಿ ಅಚ್ಚು ಹಾಕಿಸಿದ ಲೇಖಕನ ಪಾಡು ಬೇರೆ. ಉತ್ತರ ಕರ್ನಾಟಕದ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದ್ದನ್ನು ನೀವೆಲ್ಲ ಕೇಳಿದ್ದೀರಿ. ಅದನ್ನು ನಾವು ಭಕ್ತಿಯಿಂದ ಹೇಳುತ್ತೇವೆ. ವ್ಯಾಪಾರದ ಕಣ್ಣಿನಲ್ಲಿ ನೋಡಿದರೆ, ಉಳಿದ ಪ್ರತಿ ಯಾರ ತಲೆಗೆ ಎಂಬ ಪ್ರಶ್ನೆಗೆ ಅಲ್ಲಿ ಅಕ್ಷರಶಃ ಉತ್ತರ ಇತ್ತು.

ಆಮೇಲೆ ಸಂತೆ. ನಮ್ಮಲ್ಲಿ ಊರಿನ ಹೆಸರಿನಲ್ಲೇ ಸಂತೆ ಕೂತಿದೆ: ಸೋಮವಾರಪೇಟೆ, ಶನಿವಾರಸಂತೆ. ಮಡಿಕೇರಿಯದು ಶುಕ್ರವಾರ. ಸಂತೆಯಲ್ಲಿ ಮಾರುವ ಪುಸ್ತಕದ ಜಾತಿಯೇ ಬೇರೆ. ಪಂಚಾಂಗ, ವ್ರತಕಥೆ, ಮಗ್ಗಿ, ಕಾಗುಣಿತ, ಹಾಡಿನ ಪುಸ್ತಕ, ಘಟ್ಟದ ಕೆಳಗಿನ ಸೀಮೆಗೆ ಹತ್ತಿರದ ಊರುಗಳಲ್ಲಿ ಯಕ್ಷಗಾನ ಪ್ರಸಂಗ. ಎಲ್ಲ ಒಂದು ಫಾರಂ, ಎರಡು ಫಾರಂ. ಎಂದರೆ 16 ಪುಟ, 32 ಪುಟ. ನಡುವೆ ಎರಡು ಪಿನ್ನು. ಬೆಲೆ ಜೇಬಿನ ಚಿಲ್ಲರೆಯಲ್ಲಿ ಮುಗಿಯಬೇಕು. ಒಂದು ಸಂತೆಯಲ್ಲಿ ಉಳಿದದ್ದು ಮರುದಿನ ಇನ್ನೊಂದು ಸಂತೆಗೆ ಹೋಗುತ್ತದೆ, ಹಾಗಾಗಿ ಹೊರೆಯೂ ಹಗುರ. ಪಂಚಾಂಗಕ್ಕೆ ಮಾತ್ರ ಆಯುಸ್ಸು ಕಡಿಮೆ, ವರ್ಷ ತೊಡಗಿದ ಮೇಲೆ ಉಳಿದ ಪ್ರತಿ ರದ್ದಿ. ಕೊಡಗಿನಲ್ಲಿ ಅದಕ್ಕೂ ಒಂದು ಅನುಕೂಲ ಇತ್ತು ನೋಡಿ. ಚಾಂದ್ರಮಾನದವರಿಗೆ ಯುಗಾದಿಗೆ ಹೊಸ ವರ್ಷ, ಕೊಡವರಿಗೆ ಎಡಮ್ಯಾರ್ ಒಂದಕ್ಕೆ, ಏಪ್ರಿಲ್ ಮಧ್ಯದಲ್ಲಿ. ಮಾರುವವನಿಗೆ ಒಂದೇ ಊರಿನಲ್ಲಿ ಎರಡು ಹೊಸ ವರ್ಷ.

ದಪ್ಪ ಪುಸ್ತಕ ಸಂತೆಗೆ ಬರಲಿಲ್ಲ, ಅಂಚೆಯಲ್ಲಿ ಬಂತು. ಇದರಲ್ಲಿ ಎರಡು ಬಗೆ. ಒಂದು, ಚಂದಾ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಇದಕ್ಕೆ ಒಳ್ಳೆಯ ಉದಾಹರಣೆ. ಓದುಗ ವರ್ಷದ ಚಂದಾ ಮೊದಲೇ ಕಟ್ಟುತ್ತಾನೆ, ವರ್ಷವಿಡೀ ಪುಸ್ತಕ ಮನೆಗೆ ಬರುತ್ತದೆ. ಎಷ್ಟು ಅಚ್ಚು ಹಾಕಬೇಕು ಎಂಬುದು ಪ್ರಕಾಶಕನಿಗೆ ಮೊದಲೇ ಗೊತ್ತು. ಯಾವ ಪುಸ್ತಕ ಬರುತ್ತದೆ ಎಂಬುದು ಓದುಗನಿಗೆ ಗೊತ್ತಿಲ್ಲ. ನಷ್ಟದ ಭಯವನ್ನು ಓದುಗರೇ ಹಂಚಿಕೊಂಡಂತಾಯಿತು.

ಇನ್ನೊಂದು, ವಿ.ಪಿ.ಪಿ., ಎಂದರೆ ಹಣ ಕೊಟ್ಟು ಬಿಡಿಸಿಕೊಳ್ಳುವ ಅಂಚೆ. ಈಗಿನ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕು. ನೀವು ಪ್ರಕಾಶಕರಿಗೆ ಒಂದು ಕಾರ್ಡು ಬರೆಯುತ್ತೀರಿ. ಅವರು ತಮ್ಮ ಕೈಯಿಂದ ಅಂಚೆ ವೆಚ್ಚ ಕೊಟ್ಟು ಪೊಟ್ಟಣ ಕಳಿಸುತ್ತಾರೆ. ಪೋಸ್ಟ್‌ಮ್ಯಾನ್ ಬಂದು ಹಣ ಪಡೆದು ಪೊಟ್ಟಣ ಕೊಡುತ್ತಾರೆ. ಆ ಹಣ ಮನಿಯಾರ್ಡರ್ ಆಗಿ ಪ್ರಕಾಶಕರಿಗೆ ಹೋಗುತ್ತದೆ. ನೀವು ಬೇಡ ಅಂದರೆ, ಅಥವಾ ಸಿಗದಿದ್ದರೆ, ಪೊಟ್ಟಣ ವಾಪಸ್. ಹೋಗಿ ಬಂದ ವೆಚ್ಚ ಪ್ರಕಾಶಕರಿಗೆ, ಮೂಲೆ ಮಡಚಿದ ಪುಸ್ತಕವೂ ಅವರಿಗೇ.

ಇದು ಕೊಡಗಿನಲ್ಲಿ ಎಡವಿದ್ದು ಮನೆಗಳಿರುವ ರೀತಿಯಿಂದ. ನಮ್ಮ ಮನೆಗಳು ಬೀದಿಯಲ್ಲಿ ಸಾಲಾಗಿಲ್ಲ. ತೋಟದ ನಡುವೆ ಇವೆ, ಗೇಟಿನಿಂದ ಒಂದು ಕಿಲೋಮೀಟರ್ ಒಳಗೆ. ಸಾಮಾನ್ಯ ಕಾಗದವನ್ನು ರಸ್ತೆ ಬದಿಯ ಅಂಗಡಿಯಲ್ಲಿ ಬಿಟ್ಟು ಹೋಗಬಹುದು. ವಿ.ಪಿ.ಪಿ.ಯನ್ನು ಹಾಗೆ ಬಿಡುವ ಹಾಗಿಲ್ಲ, ಕೈಗೆ ಹಣ ಬರಬೇಕು. ಮನೆಯವರು ಕಾಫಿ ಕುಯ್ಲಿನಲ್ಲಿದ್ದರೆ, ಮಳೆಗೆ ತೋಡು ಉಕ್ಕಿದ್ದರೆ, ಅಂಚೆ ಕಚೇರಿಯಲ್ಲಿ ಕೆಲವು ದಿನ ಕಾದು ಪೊಟ್ಟಣ ಬಂದ ದಾರಿ ಹಿಡಿಯುತ್ತದೆ. 2010ರಲ್ಲಿ ಫ್ಲಿಪ್‌ಕಾರ್ಟ್ ‘ಕ್ಯಾಶ್ ಆನ್ ಡೆಲಿವರಿ’ ತಂದಾಗ ಹೊಸ ಕಲ್ಪನೆ ಎಂದು ಕೊಂಡಾಡಿದರು. ಅದು ವಿ.ಪಿ.ಪಿ.ಯೇ. ಅದರ ರೋಗವೂ ಇದಕ್ಕೆ ಬಂತು: ಮನೆಯಲ್ಲಿ ಯಾರೂ ಇಲ್ಲ, ಚಿಲ್ಲರೆ ಇಲ್ಲ, ಈಗ ಬೇಡ.

ಬಸ್‌ಸ್ಟ್ಯಾಂಡಿನ ಪತ್ರಿಕೆ ಅಂಗಡಿಯನ್ನು ಬಿಡುವ ಹಾಗಿಲ್ಲ. ರೈಲಿಲ್ಲದ ಜಿಲ್ಲೆಗೆ ಅದೇ ಪ್ಲಾಟ್‌ಫಾರಂ. ಕಸ್ತೂರಿ ಶುರುವಾದದ್ದು 1956ರಲ್ಲಿ, ಸುಧಾ 1965, ಮಯೂರ 1968, ತರಂಗ 1983. ಧಾರಾವಾಹಿ ಓದಿದವರು ಅದು ಪುಸ್ತಕವಾದಾಗ ಅದೇ ಅಂಗಡಿಯಲ್ಲಿ ಕೇಳುತ್ತಿದ್ದರು. ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿದ ಕಾದಂಬರಿ, ಬಸ್ಸು ಹೊರಡುವುದಕ್ಕೆ ಹತ್ತು ನಿಮಿಷ. ಪಟ್ಟಣಗಳಲ್ಲಿ ಬಾಡಿಗೆ ಲೈಬ್ರರಿಗಳು ಬಂದದ್ದೂ ಈ ಕಾದಂಬರಿಗಳ ಬೆನ್ನಿಗೇ. ಠೇವಣಿ ಇಡಿ, ವಾರಕ್ಕೆ ಪುಸ್ತಕದ ಬೆಲೆಯ ಒಂದು ಸಣ್ಣ ಪಾಲು ಕೊಡಿ, ಓದಿ ಹಿಂದಿರುಗಿಸಿ. ಲೈಬ್ರರಿಯವನಿಗೆ ಉಳಿದ ಪ್ರತಿಯೇ ಬಂಡವಾಳ. ಅವನ ಭಯ ಒಂದೇ, ಕೊನೆಯ ಪುಟ ಹರಿದು ಬರುವುದು. ಟಿ.ವಿ. ಧಾರಾವಾಹಿ ಮನೆಗೆ ಬಂದ ಮೇಲೆ ಆ ಓದುಗರು ಅತ್ತ ಹೋದರು.

ಈಗ ಸರ್ಕಾರ ಎಂಬ ದೊಡ್ಡ ಗಿರಾಕಿಯ ವಿಷಯ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಬಂತು. ನಿಮ್ಮ ತೆರಿಗೆ ರಸೀದಿ ತೆಗೆದು ನೋಡಿ, ಬೇರೆಯದೇ ಸಾಲಿನಲ್ಲಿ ಇರುತ್ತದೆ. ಆ ಹಣದಿಂದ ಇಲಾಖೆ ಒಂದೊಂದು ಶೀರ್ಷಿಕೆಯ ಕೆಲವು ನೂರು ಪ್ರತಿಗಳನ್ನು ಸಗಟಾಗಿ ಕೊಳ್ಳತೊಡಗಿತು, ಪುಟಕ್ಕೆ ಇಷ್ಟು ಎಂಬ ದರದಲ್ಲಿ. ಕನ್ನಡ ಪ್ರಕಾಶನಕ್ಕೆ ಇದು ಅನ್ನ ಹಾಕಿದೆ, ಅದರಲ್ಲಿ ಎರಡು ಮಾತಿಲ್ಲ. ಓದುವವರಿಗೂ ಪುಸ್ತಕ ಸಿಕ್ಕಿತು. ಆದರೆ ಸಾವಿರ ಪ್ರತಿಯಲ್ಲಿ ಒಂದು ದೊಡ್ಡ ಪಾಲು ಒಂದೇ ಬಾಗಿಲಿಗೆ ಹೋಗುವುದಾದರೆ ಸೋಮವಾರಪೇಟೆಯ ಅಂಗಡಿಗೆ ಐದು ಪ್ರತಿ ಕಳಿಸುವ ಉಸಾಬರಿ ಯಾರಿಗೆ ಬೇಕು? ಕಟ್ಟು ಕಟ್ಟಬೇಕು, ಬಸ್ಸಿಗೆ ಹಾಕಬೇಕು, ಆರು ತಿಂಗಳು ಬಿಟ್ಟು ಲೆಕ್ಕ ಕೇಳಬೇಕು. ಪ್ರಕಾಶಕರು ಸಣ್ಣ ಊರಿನ ಅಂಗಡಿಯನ್ನು ಮರೆತರು. ಅದೇ ಹೊತ್ತಿಗೆ ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ ಉಚಿತವಾಗಿ ಸಿಗತೊಡಗಿತು, ಜೂನ್ ತಿಂಗಳ ವ್ಯಾಪಾರ ಅಂಗಡಿಯಿಂದ ಹೊರಬಿತ್ತು. ಉಳಿದದ್ದು ಗೈಡು, ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು. ‘ಬುಕ್ ಸ್ಟಾಲ್’ ಎಂದು ಬೋರ್ಡು ಇದ್ದು ಒಳಗೆ ಸ್ಟೇಷನರಿ ಮಾತ್ರ ಇರುವ ಅಂಗಡಿಗಳು ಹೀಗೆ ಆದವು.

ಅಂಗಡಿಯವನನ್ನು ಬೈಯುವ ಮೊದಲು ಅವನ ಲೆಕ್ಕ ಒಮ್ಮೆ ಹಾಕೋಣ. 200 ರೂಪಾಯಿಯ ಪುಸ್ತಕ. ನೂರಕ್ಕೆ 35 ಕಮಿಷನ್ ಎಂದಿಟ್ಟುಕೊಳ್ಳಿ, ಅವನಿಗೆ ಬೀಳುವುದು 130. ನಗದಿಗೆ ಹತ್ತು ಪ್ರತಿ ತಂದ: 1300. ಗಿರಾಕಿ ಶೇಕಡಾ 10 ಬಿಡಿ ಅನ್ನುತ್ತಾರೆ, 180ಕ್ಕೆ ಕೊಟ್ಟ. ಆರು ಮಾರಿದ: 1080. ಇನ್ನೂ 220 ಒಳಗೆ. ಏಳನೆಯದು ಹೋದರೂ 1260. ಎಂಟನೆಯ ಪ್ರತಿ ಮಾರಿದ ಮೇಲೆ ಅವನ ಕೈಗೆ ಮೊದಲ ಲಾಭ ಬರುತ್ತದೆ, 140 ರೂಪಾಯಿ. ಇದರಲ್ಲಿ ಬಸ್ ಪಾರ್ಸೆಲಿನ ವೆಚ್ಚ, ಅಂಗಡಿ ಬಾಡಿಗೆ, ಕರೆಂಟು ಇನ್ನೂ ಸೇರಿಲ್ಲ. ನೋಟ್‌ಬುಕ್ಕು ಈ ಜೂನಿನಲ್ಲಿ ಉಳಿದರೆ ಬರುವ ಜೂನಿಗೆ ಹೋಗುತ್ತದೆ. ಕವನ ಸಂಕಲನ ಉಳಿದರೆ ಉಳಿಯಿತು.

ಮೈಸೂರಿನ ಅಂಗಡಿಯಲ್ಲಿ ಅದು ಧೂಳು ತಿಂದುಕೊಂಡು ಹತ್ತು ವರ್ಷ ಇದ್ದೀತು. ಮಡಿಕೇರಿಯಲ್ಲಿ ಇರುವುದಿಲ್ಲ. ಇಲ್ಲಿ ಉಳಿದ ಪ್ರತಿಯ ಆಯುಸ್ಸನ್ನು ಮಳೆ ತೀರ್ಮಾನಿಸುತ್ತದೆ. ಗಾಳಿಯ ತೇವ ನೂರಕ್ಕೆ 65 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯಲು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ತೇವ ಅದಕ್ಕಿಂತ ಕೆಳಗೆ ಇಳಿಯುವ ದಿನ ಎಣಿಸಬಹುದು. ಮೊದಲು ಕೆಡುವುದು ಮುಖಪುಟ. ಈಗಿನ ಮುಖಪುಟಕ್ಕೆ ಹೊರಗಡೆ ಮಾತ್ರ ಪ್ಲಾಸ್ಟಿಕ್ ಲ್ಯಾಮಿನೇಷನ್. ಒಳಗಿನ ಕಾಗದ ತೇವ ಕುಡಿದು ಹಿಗ್ಗುತ್ತದೆ, ಹೊರಗಿನ ಪ್ಲಾಸ್ಟಿಕ್ ಹಿಗ್ಗುವುದಿಲ್ಲ. ರಟ್ಟು ಹೊರಕ್ಕೆ ಸುರುಳಿ ಸುತ್ತುತ್ತದೆ. ಕಾಗದದ ಎಳೆ, ಎಂದರೆ ಅದರ ನಾರು ಓಡುವ ದಿಕ್ಕು, ಪುಸ್ತಕದ ಬೆನ್ನಿಗೆ ಅಡ್ಡವಾಗಿ ಬರುವಂತೆ ಅಚ್ಚು ಹಾಕಿದ್ದರೆ ಇನ್ನೂ ಕೆಟ್ಟದಾಗಿ ಸುತ್ತುತ್ತದೆ, ಒಳಪುಟಗಳು ಬೆನ್ನಿನ ಬಳಿ ಅಲೆಅಲೆಯಾಗಿ ಏಳುತ್ತವೆ. ಅಚ್ಚಿಗೆ ಕೊಡುವಾಗಲೇ ಎಳೆ ಬೆನ್ನಿನ ಉದ್ದಕ್ಕೆ ಇರಲಿ ಎಂದು ಹೇಳಬೇಕು.

ಶ್ರಿಂಕ್ ಕವರ್ ಹಾಕಿದರೆ ಆಯಿತಲ್ಲ ಎನ್ನುತ್ತೀರಿ. ಜುಲೈಯಲ್ಲಿ ಹಾಕಿದರೆ ತೇವವನ್ನು ಒಳಗೇ ಕೂಡಿಹಾಕಿದ ಹಾಗೆ, ಬೂಷ್ಟು ಕವರಿನೊಳಗೇ ಬರುತ್ತದೆ. ಕವರ್ ಹಾಕುವುದಿದ್ದರೆ ಫೆಬ್ರವರಿ, ಮಾರ್ಚಿನ ಒಣ ದಿನಗಳಲ್ಲಿ. ಕಪಾಟು ಗೋಡೆಗೆ ತಾಗಬಾರದು, ಮೂರು ಬೆರಳು ಸಂದು ಬಿಡಿ. ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿ ಮೇಲಿರಲಿ. ಮಳೆಗಾಲದಲ್ಲಿ ಪುಸ್ತಕ ನಿಲ್ಲಿಸುವ ಬದಲು ಎಂಟೆಂಟು ಪ್ರತಿ ಮಲಗಿಸಿ, ಮೇಲೊಂದು ಭಾರ ಇಡಿ, ಬೆನ್ನುಗಳನ್ನು ಒಂದು ಆಚೆ ಒಂದು ಈಚೆ ತಿರುಗಿಸಿ. ಹುಳುವಿಗೆ ಬಜೆ ಬೇರಿನ ತುಂಡೋ ನುಸಿಗುಳಿಗೆಯೋ ಸಾಕು, ಬೂಷ್ಟಿಗೆ ಅವೆರಡೂ ಉಪಯೋಗವಿಲ್ಲ. ಹಿಂದೆ ಬೀರುವಿನಲ್ಲಿ ಒಂದು ಸಣ್ಣ ಬಲ್ಬು ಉರಿಸಿಡುತ್ತಿದ್ದರು. ಅದು ಕೆಲಸ ಮಾಡುತ್ತಿದ್ದದ್ದು ಬೆಳಕಿನಿಂದಲ್ಲ, ತಂತಿಯ ಬಿಸಿಯಿಂದ. ಈಗ ಅದೇ ಜಾಗಕ್ಕೆ ಎಲ್‌ಇಡಿ ಹಾಕಿ, ಬಲ್ಬು ಉರೀತಾ ಇದೆ ಆದರೂ ಬೂಷ್ಟು ಬಂತು ಎನ್ನುತ್ತಾರೆ. ಎಲ್‌ಇಡಿಗೆ ಅಷ್ಟು ಬಿಸಿ ಎಲ್ಲಿಂದ ಬರಬೇಕು?

ಹೀಗೆ ಅಂಗಡಿ ಕೈಬಿಟ್ಟ ಪುಸ್ತಕಕ್ಕೆ ಆಸರೆಯಾದದ್ದು ಸಮ್ಮೇಳನ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮಡಿಕೇರಿಗೆ ಬಂದದ್ದು ಮೂರು ಸಲ: 1932ರಲ್ಲಿ ಡಿ.ವಿ.ಜಿ., 1981ರಲ್ಲಿ ಶಂಬಾ ಜೋಶಿ, 2014ರಲ್ಲಿ ನಾ. ಡಿಸೋಜ ಅಧ್ಯಕ್ಷರು. ಮೂರನೆಯದು ಜನವರಿಯಲ್ಲಿ ನಡೆಯಿತು. ವ್ಯಾಪಾರದ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ತಿಂಗಳು ಕೊಡಗಿನಲ್ಲಿ ಇಲ್ಲ. ಅರೇಬಿಕಾ ಕುಯ್ಲು ಮುಗಿಯುತ್ತ ಬಂದಿರುತ್ತದೆ, ಕೈಯಲ್ಲಿ ಕಾಸು ಇರುತ್ತದೆ, ಆಕಾಶ ಒಣಗಿರುತ್ತದೆ. ಮಳಿಗೆ ಹಾಕುವವರು ಸಾಮಾನ್ಯವಾಗಿ ಮಾಡುವ ತಪ್ಪು ಇನ್ನೂರು ಶೀರ್ಷಿಕೆ ತಂದು ಒಂದೊಂದರ ಎರಡು ಪ್ರತಿ ಇಡುವುದು. ಮೊದಲ ದಿನ ಸಂಜೆಗೆ ಹೋಗುವ ಪುಸ್ತಕ ಖಾಲಿ, ಮಿಕ್ಕ ಎರಡು ದಿನ ಹೋಗದ ಪುಸ್ತಕಗಳ ಪ್ರದರ್ಶನ. ನಲವತ್ತು ಶೀರ್ಷಿಕೆ ಸಾಕು, ಸ್ಥಳೀಯ ಚರಿತ್ರೆ ಮತ್ತು ಮಕ್ಕಳ ಪುಸ್ತಕ ಮಾತ್ರ ಜಾಸ್ತಿ. ಜನ ಸೇರಿದಲ್ಲಿ ನೆಟ್‌ವರ್ಕ್ ಕೂರುತ್ತದೆ, ಯುಪಿಐ ತಿರುಗುತ್ತಲೇ ಇರುತ್ತದೆ, ಆದ್ದರಿಂದ ಹತ್ತು, ಇಪ್ಪತ್ತರ ನೋಟು ಒಂದು ಡಬ್ಬಿ ತುಂಬ ಇರಬೇಕು.

ಇಲ್ಲಿನ ಮನೆಮಾತುಗಳಾದ ಕೊಡವ ಮತ್ತು ಅರೆಭಾಷೆಯ ಪುಸ್ತಕಗಳ ದಾರಿ ಇನ್ನೂ ಬೇರೆ. ಎರಡೂ ಬಹುಪಾಲು ಕನ್ನಡ ಲಿಪಿಯಲ್ಲೇ ಅಚ್ಚಾಗುತ್ತವೆ, ಎರಡಕ್ಕೂ ಅಕಾಡೆಮಿ ಮಡಿಕೇರಿಯಲ್ಲೇ ಇದೆ. ಆದರೂ ಅವು ಅಂಗಡಿಗೆ ಬರುವುದು ಅಪರೂಪ. ಬಿಡುಗಡೆಯ ದಿನ ವೇದಿಕೆಯ ಪಕ್ಕದ ಮೇಜಿನಲ್ಲಿ ಎಷ್ಟು ಹೋಯಿತೋ ಅಷ್ಟು. ಮೂರು ತಿಂಗಳು ಬಿಟ್ಟು ಯಾರಾದರೂ ಕೇಳಿದರೆ ಬರೆದವರ ಮನೆಗೇ ಹೋಗಬೇಕು. ನನ್ನ ದೃಷ್ಟಿಯಲ್ಲಿ ಇಡೀ ಜಿಲ್ಲೆಯ ಪುಸ್ತಕ ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿಲ್ಲ.

ಈಗ ಆ ಮೊಬೈಲನ್ನು ಎತ್ತಿಕೊಳ್ಳೋಣ. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು ಪುಸ್ತಕ ಮಾರುವುದಕ್ಕೆ. ಅಮೆಜಾನ್ ಇಲ್ಲಿಗೆ ಬಂದದ್ದು 2013ರಲ್ಲಿ. ಅವರ ಗೋದಾಮಿನಲ್ಲಿ ಉಳಿದ ಪ್ರತಿ ಇಡೀ ದೇಶಕ್ಕೆ ಉಳಿದ ಪ್ರತಿ, ಎಲ್ಲೋ ಒಬ್ಬ ಗಿರಾಕಿ ಸಿಕ್ಕೇ ಸಿಗುತ್ತಾನೆ. ಮಡಿಕೇರಿಯ ಅಂಗಡಿಗೆ ಆ ಅನುಕೂಲ ಇಲ್ಲ, ಅಲ್ಲಿಗೆ ಸೋಲು ತೀರ್ಮಾನವಾಯಿತು. ಇ-ಪುಸ್ತಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಿಂಡಲ್ 2016ರ ಡಿಸೆಂಬರಿನಲ್ಲಿ ಐದು ಭಾರತೀಯ ಭಾಷೆಗಳನ್ನು ಸೇರಿಸಿಕೊಂಡಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ. ಕನ್ನಡದವರು ಮೈಲ್ಯಾಂಗ್‌ನಂಥ ತಮ್ಮದೇ ಆಪ್ ಮಾಡಿಕೊಂಡರು.

ಕನ್ನಡಕ್ಕೆ ನಿಜವಾಗಿ ನಡೆದಿರುವ ಬದಲಾವಣೆ ವಾಟ್ಸ್‌ಆಪ್. ಬರೆದವರೇ ಮುಖಪುಟ ಹಂಚುತ್ತಾರೆ, ನೀವು ಯುಪಿಐಯಲ್ಲಿ ಹಣ ಹಾಕಿ ವಿಳಾಸ ಕಳಿಸುತ್ತೀರಿ, ಪುಸ್ತಕ ಅಂಚೆಯಲ್ಲಿ ಬರುತ್ತದೆ. ಡಿಜಿಟಲ್ ಅಚ್ಚಿನಿಂದ ಐವತ್ತು, ನೂರು ಪ್ರತಿ ಹಾಕಿಸುವುದೂ ಸಾಧ್ಯ, ಹಾಗಾಗಿ ಉಳಿಯುವುದೇ ಕಡಿಮೆ. ಇಲ್ಲಿ ಗೆಲ್ಲಿಸುವುದೂ ಸೋಲಿಸುವುದೂ ಅಂಚೆ ದರ. ಹಳೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಿತು, ಸಣ್ಣ ಪ್ರಕಾಶಕರು ಕಂಗಾಲಾದರು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂತು: 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100, ಮೇಲೆ ತೆರಿಗೆ. ನೆಲದ ಸಾಗಣೆ, ಸ್ವಲ್ಪ ನಿಧಾನ. ಪುಸ್ತಕದಲ್ಲಿ ಪ್ರಕಾಶಕರ ಇಲ್ಲವೇ ಮುದ್ರಕರ ಹೆಸರು ಇರಬೇಕು, ನಿಯತಕಾಲಿಕೆ ನಡೆಯುವುದಿಲ್ಲ.

ಈ 300 ಗ್ರಾಂ ಎಂಬ ಗೆರೆ ಬರೆಯುವವರು ಗಮನಿಸಬೇಕಾದದ್ದು. ಡೆಮಿ 1/8 ಅಳತೆ (ಸಾಮಾನ್ಯ ಕಾದಂಬರಿಯ ಗಾತ್ರ), 192 ಪುಟ, ಎಂದರೆ 12 ಫಾರಂ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಕಾಗದ: ಒಳಪುಟ ಸುಮಾರು 200 ಗ್ರಾಂ, ರಟ್ಟು 20, ಪ್ಯಾಕಿಂಗ್ 30. ಒಟ್ಟು 250, ಆರಾಮಾಗಿ ಒಳಗೆ. ಅದೇ 15 ಫಾರಂ, 240 ಪುಟ ಮಾಡಿದಿರೋ ಗೆರೆಯ ಮೇಲೇ ಕೂರುತ್ತದೆ. ಮಳೆಗಾಲದಲ್ಲಿ ಕಾಗದ ಕುಡಿದ ತೇವವೇ ಅದನ್ನು ಆಚೆಗೆ ತಳ್ಳಬಹುದು. ನೂರು ಪೊಟ್ಟಣ ಕಟ್ಟುವ ಮೊದಲು ಒಂದನ್ನು ಕಟ್ಟಿ ಅಂಚೆ ಕಚೇರಿಯ ತಕ್ಕಡಿಯಲ್ಲೇ ತೂಗಿಸಿ.

ಕಟ್ಟುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲು ತೆಳು ಪ್ಲಾಸ್ಟಿಕ್ ಚೀಲ, ಬಾಯಿಗೆ ಟೇಪು. ಆಮೇಲೆ ಎರಡೂ ಕಡೆ ರಟ್ಟಿನ ತುಂಡು, ಪುಸ್ತಕಕ್ಕಿಂತ ಅರ್ಧ ಸೆಂಟಿಮೀಟರ್ ದೊಡ್ಡದು, ಪೆಟ್ಟು ಮೂಲೆಗೆ ಬೀಳದೆ ರಟ್ಟಿಗೆ ಬೀಳಲಿ ಎಂದು. ಮೇಲೆ ಕಂದು ಕಾಗದ. ವಿಳಾಸದ ಮೇಲೆ ಅಗಲವಾದ ಪಾರದರ್ಶಕ ಟೇಪು, ಇಲ್ಲದಿದ್ದರೆ ಮಳೆಗೆ ಶಾಯಿ ಹರಡಿ ಹೋಗುತ್ತದೆ. ವಿಳಾಸ ಕಳಿಸುವಾಗ ನೀವೂ ಒಂದು ಉಪಕಾರ ಮಾಡಿ. ಮನೆ ಹೆಸರು, ತೋಟದ ಹೆಸರು ಬರೆದು ಸುಮ್ಮನಾಗಬೇಡಿ. ಗ್ರಾಮ, ಅಂಚೆ ಕಚೇರಿ, ಪಿನ್‌ಕೋಡ್, ಫೋನು ನಂಬರು, ಪೊಟ್ಟಣ ಬಿಡಬಹುದಾದ ರಸ್ತೆ ಬದಿಯ ಅಂಗಡಿಯ ಹೆಸರು ಬರೆಯಿರಿ. ಈಗ ಹಣ ಮೊದಲೇ ಸಂದಿರುವುದರಿಂದ ಅಂಗಡಿಯಲ್ಲಿ ಬಿಡುವುದಕ್ಕೆ ಅಡ್ಡಿಯಿಲ್ಲ. ವಿ.ಪಿ.ಪಿ. ಎಡವಿದ ಕಲ್ಲು ಅಷ್ಟರಮಟ್ಟಿಗೆ ದಾರಿಯಿಂದ ಸರಿದಿದೆ.

ಆದರೆ ವಾಟ್ಸ್‌ಆಪ್‌ನಲ್ಲಿ ಕೊಳ್ಳುವವರು ಬರೆದವರ ಪರಿಚಯದವರು, ಪರಿಚಯದವರ ಪರಿಚಯದವರು. ಬಸ್ಸಿಗೆ ಕಾಯುತ್ತ ನಿಂತು ಯಾರೋ ಅಪರಿಚಿತರ ಪುಸ್ತಕ ತಿರುವಿ ಹಾಕುವ ಜಾಗ ಅಲ್ಲಿಲ್ಲ. ಅದಕ್ಕೆ ಕೈಗೆ ಸಿಗುವ ಕಪಾಟು ಬೇಕು. ಪುಸ್ತಕದ ಅಂಗಡಿಯನ್ನೇ ಮತ್ತೆ ತೆರೆಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಲೆಕ್ಕ ಆಗಲೇ ಹಾಕಿದ್ದೇವೆ. ಕಾಫಿಪುಡಿ, ಜೇನು, ಏಲಕ್ಕಿ ಮಾರುವ ಅಂಗಡಿಯಲ್ಲಿ ಒಂದು ಹಲಗೆ ಕೇಳಿ. ಆರು ಶೀರ್ಷಿಕೆ, ಐದೈದು ಪ್ರತಿ, ಒಟ್ಟು ಮೂವತ್ತು. ಮಾರಾಟವಾದ ಮೇಲೆ ಹಣ ಎಂಬ ಕರಾರು. ಬಾಯಿಮಾತಿಗೆ ಬಿಡಬೇಡಿ, ಒಂದು ಹಾಳೆ ಎರಡು ಪ್ರತಿ ಬರೆದು ಇಬ್ಬರೂ ಸಹಿ ಹಾಕಿ: ಶೀರ್ಷಿಕೆ, ಬೆಲೆ, ಕೊಟ್ಟ ಪ್ರತಿ, ಕಮಿಷನ್, ಲೆಕ್ಕದ ದಿನಾಂಕ. ಕಾಫಿಪುಡಿಯ ಪಕ್ಕಕ್ಕೆ ಇಡಬೇಡಿ, ವಾಸನೆ ಹಿಡಿಯುತ್ತದೆ. ಪ್ರವಾಸಿಗರಿಗೆ ಅದೂ ಇಷ್ಟವಾದೀತು, ಆ ಮಾತು ಬೇರೆ. ತಿಂಗಳಿಗೊಮ್ಮೆ ಹೋಗಿ ಎಣಿಸಿ. ಮೇ ತಿಂಗಳ ಕೊನೆಯ ವಾರ, ಮಳೆ ಹಿಡಿಯುವ ಮೊದಲು, ಉಳಿದದ್ದನ್ನೆಲ್ಲ ನೀವೇ ಎತ್ತಿಕೊಂಡು ಬನ್ನಿ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದು ಬಿಸಿಲು ಬಿದ್ದ ಮೇಲೆ ಮತ್ತೆ ಇಡಿ.